ಚಿತ್ರದಡಿಯ ದನಿ

ಕುಮಾರಸ್ವಾಮಿ ಲೇಔಟ್
16 ಜೂನ್ 2024

ಅಪ್ಪ,

ಫೋನಿನಲ್ಲಿ ನಾನು ಮಾತಾಡಿದರೆ ನಿಮಗೆ ಕೇಳುವುದಿಲ್ಲ, ಕಿವಿಯ ಮೆಷಿನ್ ಹಾಕಿಕೊಂಡರೆ ಕುಯ್ಯೆನ್ನುತ್ತದೆ ಎಂದು ಅಲಮೇಲು ಅತ್ತೆ ಹೇಳಿದರು. ಮೆಸೇಜು ನೋಡುವ ಅಭ್ಯಾಸ ನಿಮಗಿಲ್ಲ. ಅದಕ್ಕೇ ಈ ಕಾಗದ. ಅಂಜನಾಪುರವೇನೂ ದೂರದ ಊರಲ್ಲ, ಬಂದೇ ಕೇಳಬಹುದಿತ್ತು. ಆದರೆ ಬಂದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ನಾನು ಅಮ್ಮನ ಮಾತೆತ್ತುತ್ತೇನೆ, ನೀವು ಎದ್ದು ಹೋಗಿ ಗಿಡಗಳಿಗೆ ನೀರು ಹಾಕುತ್ತೀರಿ.

ನಿಮ್ಮ ಮನೆಯ ಅಟ್ಟ ಖಾಲಿ ಮಾಡಿಸುವಾಗ ಅತ್ತೆ ಒಂದು ಚೀಲ ವಿಡಿಯೋ ಕ್ಯಾಸೆಟ್ಟು ನನ್ನ ಕೈಗೆ ಕೊಟ್ಟರು. ನಿಮ್ಮ ಸ್ಟುಡಿಯೋದವು. ಕೆಲವು ಗಿರಾಕಿಗಳ ಮದುವೆ, ಸೀಮಂತ. ಉಳಿದವುಗಳ ಮೇಲೆ ಅಮ್ಮನ ಅಕ್ಷರ: 'ಪುಟ್ಟಿ, ಲಾಲ್‌ಬಾಗ್.' 'ಪುಟ್ಟಿ, ಶಾಲೆ.' 'ಪುಟ್ಟಿ, ಸುಮ್ಮನೆ.'

ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ಅವಳ ಮುಖ ಫೋಟೋದಲ್ಲಿದೆ. ದನಿ ನನ್ನ ನೆನಪಿನಲ್ಲಿ ಒಂದಿಷ್ಟೂ ಇಲ್ಲ. ಕ್ಯಾಮೆರಾ ಯಾವಾಗಲೂ ಅವಳ ಹೆಗಲ ಮೇಲಿರುತ್ತಿತ್ತಂತೆ. ಹಾಗಾಗಿ ಈ ಟೇಪುಗಳಲ್ಲಿ ಅವಳು ಕಾಣಿಸುವುದಿಲ್ಲ. ಇದ್ದರೆ ದನಿಯಾಗಿಯೇ ಇರಬೇಕು.

ಆಫೀಸಿನ ಗೆಳತಿಯೊಬ್ಬಳ ಹಳೆಯ ವಿಸಿಆರ್ ತಂದು ಲ್ಯಾಪ್‌ಟಾಪಿಗೆ ಜೋಡಿಸಿದೆ. ಚಿತ್ರ ಬಂತು. ಬಣ್ಣ ಸ್ವಲ್ಪ ಮಾಸಿದೆ, ಕೆಳಗಡೆ ಗೆರೆ ಕುಣಿಯುತ್ತದೆ, ಆದರೂ ನಾನೇ. ಮೂರು ವರ್ಷದವಳು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಕ್ಯಾಮೆರಾವನ್ನು ನೋಡಿ ಏನೋ ಹೇಳುತ್ತೇನೆ, ಉತ್ತರ ಕೇಳಿಸಿಕೊಂಡವಳಂತೆ ಕತ್ತು ಓರೆ ಮಾಡುತ್ತೇನೆ, ಮತ್ತೆ ಹೇಳುತ್ತೇನೆ. ಸದ್ದು ಮಾತ್ರ ಇಲ್ಲ.

ಮೊದಲ ಸಲ ರೆಕಾರ್ಡ್ ಮಾಡಿ ಹಾಕಿ ನೋಡಿದಾಗ ಸದ್ದು ಬಂದಿತ್ತು ಅಪ್ಪ. ಲಾಲ್‌ಬಾಗಿನ ಚಿತ್ರದ ಮೇಲೆ ಒಬ್ಬ ಹೆಂಗಸು ಕೆಮ್ಮಿದಳು, ಆಮೇಲೆ ಕುಕ್ಕರ್ ಕೂಗಿತು. ಆ ಕೆಮ್ಮು ನನ್ನದೇ. ಲ್ಯಾಪ್‌ಟಾಪು ವಿಸಿಆರಿನ ಸದ್ದು ಬಿಟ್ಟು ತನ್ನ ಮೈಕಿನಿಂದ ನಮ್ಮ ಅಡುಗೆಮನೆಯನ್ನು ರೆಕಾರ್ಡ್ ಮಾಡಿಕೊಂಡಿತ್ತು. ಸೆಟ್ಟಿಂಗ್ಸಿನಲ್ಲಿ ಅದನ್ನು ಬದಲಾಯಿಸಿದೆ, ಪರ್ಮಿಷನ್ ಕೊಟ್ಟೆ, ಬೇರೆ ಸಾಫ್ಟ್‌ವೇರ್ ಹಾಕಿದೆ. ಈಗ ನಮ್ಮ ಅಡುಗೆಮನೆಯೂ ಇಲ್ಲ. ಪೂರ್ತಿ ಮೌನ.

ಏನು ಮಾಡಬೇಕು ಹೇಳಿ. ಇದು ನಿಮ್ಮ ಕಸುಬು.

ಇಂಚರ


ಅಂಜನಾಪುರ
24 ಜೂನ್ 2024

ಇಂಚರ,

ಕಾಗದ ತಲುಪಿತು. ಹಳದಿ ಕೇಬಲ್ಲು ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಸದ್ದಿಗೆ. ನಿನ್ನ ವಿಸಿಆರ್ ಮೋನೋ ಆಗಿದ್ದರೆ, ಅಂದರೆ ಸದ್ದಿಗೆ ಒಂದೇ ದಾರಿಯಿದ್ದರೆ, ಕೆಂಪಿನಲ್ಲಿ ಏನೂ ಬರುವುದಿಲ್ಲ. ಬಿಳಿಯದು ಗಟ್ಟಿಯಾಗಿ ಕೂತಿದೆಯೇ ನೋಡು. ಟೇಪು ಓದುವ ಹೆಡ್ಡಿಗೆ ಕೊಳೆ ಹಿಡಿದಿರಬಹುದು. ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಅಡ್ಡಡ್ಡ ಒರೆಸು, ಮೇಲೆ ಕೆಳಗೆ ಉಜ್ಜಬೇಡ.

ಮೂವತ್ತು ವರ್ಷದ ಟೇಪು. ಸದ್ದು ಹೋಗಿರಬಹುದು. ಚಿತ್ರ ಬಂದಿದೆಯಲ್ಲ, ಅದನ್ನು ಇಟ್ಟುಕೋ.

ನಿಂಬೆ ಗಿಡ ಚೆನ್ನಾಗಿ ಬಿಟ್ಟಿದೆ. ಅಲಮೇಲು ಕಳಿಸುತ್ತಾಳೆ. ಅಳಿಯ ಆಶ್ರಿತ್‌ನನ್ನು ಕೇಳಿದೆನೆಂದು ಹೇಳು.

ಅಪ್ಪ


ಕುಮಾರಸ್ವಾಮಿ ಲೇಔಟ್
14 ಜುಲೈ 2024

ಅಪ್ಪ,

ನಿಂಬೆಹಣ್ಣು ಬಂತು. ನೀವು ಹೇಳಿದ್ದನ್ನೆಲ್ಲ ಮಾಡಿದೆ.

ಆಮೇಲೆ ಚೀಲದಲ್ಲಿದ್ದ ಇನ್ನೊಂದು ಕ್ಯಾಸೆಟ್ಟು ಹಾಕಿದೆ, 'ರೇಖಾ ಸೀಮಂತ'. ಅದೇ ವಿಸಿಆರ್, ಅದೇ ಕೇಬಲ್ಲು. ನಾಗಸ್ವರ ಮನೆ ತುಂಬ ಕೇಳಿಸಿತು. ಮೊದಲಿನಿಂದ ಕೊನೆಯತನಕ ನಾಗಸ್ವರವೇ. ಹೆಂಗಸರು ಹಾಡುತ್ತಾರೆ, ನಗುತ್ತಾರೆ, ಅವರ ಬಾಯಿಂದ ಬರುವುದೂ ನಾಗಸ್ವರ. ಆಗ ಹೊಳೆಯಿತು. ಚಿತ್ರವನ್ನು ಹಾಗೇ ಬಿಟ್ಟು ಸದ್ದು ಮಾತ್ರ ಅಳಿಸಿ, ಅದರ ಜಾಗದಲ್ಲಿ ಬೇರೆಯದನ್ನು ತುಂಬುವುದು ನಿಮ್ಮ ಸ್ಟುಡಿಯೋದಲ್ಲಿ ದಿನದ ಕೆಲಸವಾಗಿತ್ತು. ಅದಕ್ಕೆ ಆಡಿಯೋ ಡಬ್ ಎನ್ನುತ್ತಾರೆ ಎಂದು ಓದಿಕೊಂಡೆ.

ನಮ್ಮ ಟೇಪುಗಳ ಸದ್ದು ತಾನಾಗಿ ಹೋದದ್ದಲ್ಲ. ಹಳೆಯದಾಗಿ ಹೋಗಿದ್ದರೆ ಮಸುಕು ಮಸುಕಾಗಿಯಾದರೂ ಏನೋ ಉಳಿಯುತ್ತಿತ್ತು. ಹೆಡ್ಡು ಒರೆಸಿದ ಮೇಲೆ ಇಲ್ಲಿ ಪ್ರತಿ ಟೇಪಿನ ಶುರುವಿಗೆ ಒಂದು ಕ್ಷಣ ಬೀದಿಯ ಗದ್ದಲ, ಕಾಗೆಯ ಕೂಗು ಕೇಳಿಸುತ್ತದೆ. ಆಮೇಲೆ ಟಕ್ಕೆಂದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಯಾರೋ ಕೂತು ಗುಂಡಿ ಒತ್ತಿದ್ದಾರೆ. ಮೈಕು ಹಾಕದೆ, ಹಾಡು ಹಾಕದೆ, ಬರೀ ಮೌನವನ್ನು ತುಂಬಿದ್ದಾರೆ.

ಶಾಲೆಯ ಟೇಪಿನಲ್ಲಿ ಆ ಒಂದು ಕ್ಷಣದೊಳಗೆ ಒಂದು ಹೆಂಗಸಿನ ದನಿ ಇದೆ. 'ಪು' ಎನ್ನುತ್ತದೆ. 'ಟ್ಟಿ' ಬರುವ ಮೊದಲೇ ಟಕ್.

ಅದನ್ನು ಎಷ್ಟು ಸಲ ಹಾಕಿಕೊಂಡು ಕೇಳಿದೆನೋ ಗೊತ್ತಿಲ್ಲ. ಆಶ್ರಿತ್ ಬಂದು ಹೆಡ್‌ಫೋನ್ ತೆಗೆದು ತನ್ನ ಕಿವಿಗಿಟ್ಟುಕೊಂಡು, "ಏನೂ ಬರ್ತಿಲ್ಲವಲ್ಲೇ" ಎಂದ. ಅಲ್ಲಿಗಾಗಲೇ ಟೇಪು ಮುಂದೆ ಹೋಗಿತ್ತಂತೆ. ನನಗೆ ಮಾತ್ರ ಇನ್ನೂ ಕೇಳಿಸುತ್ತಿತ್ತು. ಮಿಕ್ಸಿ ನಿಂತ ಮೇಲೆ, ನಲ್ಲಿ ನಿಲ್ಲಿಸಿದ ಮೇಲೆ, ಮನೆ ಸುಮ್ಮನಾಗುವ ಹೊತ್ತಿಗೆಲ್ಲ ಯಾರೋ ಪಕ್ಕದ ಕೋಣೆಯಿಂದ 'ಪು' ಎಂದು ಕರೆದು ನಿಲ್ಲಿಸಿದ ಹಾಗಾಗುತ್ತದೆ. ಕೆಲವು ಸಲ "ಹಾಂ" ಅಂದುಬಿಡುತ್ತೇನೆ.

ಅವಳ ಸೀರೆಗಳನ್ನು ಕೊಟ್ಟುಬಿಟ್ಟಿರಿ. ಸ್ಟುಡಿಯೋ ಮುಚ್ಚಿದಿರಿ. ದುಃಖ ಅಂದುಕೊಂಡು ಸುಮ್ಮನಿದ್ದೆ. ಇರುವ ಒಂದು ದನಿಯನ್ನೂ ಯಾಕೆ ಅಳಿಸಿದಿರಿ?

ಇಂಚರ


ಅಂಜನಾಪುರ
30 ಜುಲೈ 2024

ಇಂಚರ ಪುಟ್ಟಿಗೆ,

ನಾನು ಅಲಮೇಲು ಅತ್ತೆ ಬರೆಯುತ್ತಿದ್ದೇನೆ. ನಿಮ್ಮಪ್ಪನಿಗೆ ಗೊತ್ತಿಲ್ಲ.

ನಿನ್ನ ಕಾಗದ ಬಂದಾಗಿನಿಂದ ನಮ್ಮಣ್ಣ ಸರಿಯಾಗಿ ಊಟ ಮಾಡಿಲ್ಲ. ಬೆಳಿಗ್ಗೆ ವರಾಂಡದಲ್ಲಿ ಕೂತು ಬರೆಯುತ್ತಾನೆ, ಹರಿಯುತ್ತಾನೆ. ನಿನ್ನೆ ಕಿವಿಯ ಹತ್ತಿರ ಹೋಗಿ ಗಟ್ಟಿಯಾಗಿ ಕೂಗಿದೆ, "ಹೇಳಿಬಿಡೋ ಅಣ್ಣ, ಅವಳೇನು ಇನ್ನೂ ಮಗುನಾ?" ಅಂತ. "ಅವಳು ನನ್ನ ಬೈಕೊಂಡಿರಲಿ ಬಿಡು, ಅದೇ ವಾಸಿ" ಅಂದ.

ಅಳಿಸಿದ್ದು ಅವನಲ್ಲ ಕಣೇ. ಇಷ್ಟು ಮಾತ್ರ ನಾನು ಹೇಳುತ್ತೇನೆ. ಮಿಕ್ಕಿದ್ದು ಅವನ ಬಾಯಿಂದಲೇ ಬರಬೇಕು. ಇನ್ನೊಂದು ಸಲ ಕೇಳು, ಆದರೆ ಮೆತ್ತಗೆ ಕೇಳು.

ಅತ್ತೆ


ಅಂಜನಾಪುರ
20 ಆಗಸ್ಟ್ 2024

ಇಂಚರ,

ಮೊನ್ನೆ ನೀನು ಕಳಿಸಿದ ಒಂದೇ ಸಾಲಿನ ಕಾರ್ಡು ಬಂತು. 'ಅಳಿಸಿದ್ದು ಯಾರು, ಅಪ್ಪ?' ಎಂದಷ್ಟೇ ಇತ್ತು. ಅಲಮೇಲು ನಿನಗೆ ಏನೋ ಬರೆದಿದ್ದಾಳೆಂದು ಅದರಿಂದಲೇ ಗೊತ್ತಾಯಿತು.

ನಿನ್ನ ಅಮ್ಮನಿಗೆ ಗಂಟಲಲ್ಲಿ ಗಡ್ಡೆಯಾಗಿತ್ತು ಎಂದು ನಿನಗೆ ಗೊತ್ತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಅದನ್ನು ನಾನು ಹೇಳಿರಲಿಲ್ಲ. ಮನೆಗೆ ಬಂದಾಗ ಅವಳ ಕತ್ತಿನ ಮುಂದೆ ಒಂದು ತೂತಿತ್ತು, ಉಸಿರು ಅಲ್ಲಿಂದಲೇ ಹೋಗಿ ಬರುತ್ತಿತ್ತು. ಅದರ ಮೇಲೆ ಒಂದು ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಮಾತಿಲ್ಲ. ಏನಾದರೂ ಬೇಕಿದ್ದರೆ ನಿನ್ನ ಸ್ಲೇಟಿನ ಮೇಲೆ ಬರೆಯುತ್ತಿದ್ದಳು.

ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ನೀನು ಅತ್ತರೆ ಅಲಮೇಲು ಈ ಟೇಪುಗಳನ್ನು ಹಾಕುತ್ತಿದ್ದಳು. ಅಮ್ಮನ ದನಿ ಕೇಳಿದ ಕೂಡಲೆ ನೀನು ಸುಮ್ಮನಾಗುತ್ತಿದ್ದೆ. ಟೀವಿಯ ಹತ್ತಿರ ಕೂತು ಅದರೊಂದಿಗೆ ಮಾತಾಡುತ್ತಿದ್ದೆ. ಅಮ್ಮ ಮನೆಗೆ ಬಂದ ದಿನ ನಿನ್ನನ್ನು ಎತ್ತಿಕೊಳ್ಳಲು ಕೈ ಚಾಚಿದಳು. ನೀನು ಹಿಂದೆ ಸರಿದು ಟೀವಿ ತೋರಿಸಿ, "ನೀನು ಅಮ್ಮ ಅಲ್ಲ. ಅಮ್ಮ ಇದ್ರೊಳಗಿದಾಳೆ" ಎಂದೆ.

ನಾಲ್ಕು ವರ್ಷದ ಮಗು. ನಾಳೆ ಸರಿಹೋಗುತ್ತದೆ ಎಂದೆವು. ಸರಿಹೋಗಲಿಲ್ಲ. ಅವಳು ಕೋಣೆಗೆ ಬಂದರೆ ನೀನು ಟೀವಿಗೆ ಅಂಟಿಕೊಳ್ಳುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು, ತನ್ನದೇ ದನಿ ನಿನ್ನನ್ನು ಮುದ್ದು ಮಾಡುವುದನ್ನು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಆಟೋದಲ್ಲಿ ಸ್ಟುಡಿಯೋಗೆ ಬಂದಳು. ಜಯನಗರದ ಆ ಕಿರಿದಾದ ಅಂಗಡಿ, ಮುಂದೆ ಪಾಸ್‌ಪೋರ್ಟ್ ಫೋಟೋ, ಹಿಂದೆ ಪರದೆಯಾಚೆ ಎಡಿಟಿಂಗ್ ಮೆಷಿನ್ನು. ಕೈಯಲ್ಲಿ ಈ ಚೀಲ. ಸ್ಲೇಟಿನ ಮೇಲೆ ಬರೆದಿದ್ದಳು: 'ಡಬ್ ಮಾಡಬೇಕು. ಹಾಡು ಬೇಡ. ಏನೂ ಬೇಡ.'

"ಬೇಡ ಜಯಾ" ಎಂದೆ. "ಆಮೇಲೆ ಬೇಕು ಅಂದ್ರೆ ಸಿಗಲ್ಲ."

ಬರೆದದ್ದನ್ನು ಅಂಗೈಯಿಂದ ಒರೆಸಿ, ಇನ್ನೊಂದು ಸಾಲು ಬರೆದಳು: 'ಅದು ಸುಮ್ಮನಾದರೆ ನನ್ನ ಹತ್ತಿರ ಬರುತ್ತಾಳೆ.'

ಒಂದು ಗಂಟೆಯ ಟೇಪಿನ ಸದ್ದು ಅಳಿಸುವುದಕ್ಕೂ ಒಂದು ಗಂಟೆಯೇ ಬೇಕು. ದಿನವೂ ಬಂದು ಒಬ್ಬಳೇ ಕೂತು ಮಾಡಿದಳು. ನಾನು ಪರದೆಯ ಈಚೆ ಗಿರಾಕಿಗಳಿಗೆ "ಗಲ್ಲ ಸ್ವಲ್ಪ ಮೇಲೆ ಸಾರ್" ಎನ್ನುತ್ತಿದ್ದೆ. ಒಮ್ಮೆ ಪರದೆ ಸರಿಸಿ ನೋಡಿದೆ. ಅಳುತ್ತಿರಲಿಲ್ಲ. ಗಿರಾಕಿಗೆ ಕೊಡುವ ಮೊದಲು ಕ್ಯಾಸೆಟ್ಟನ್ನು ಹೇಗೆ ಚೆಕ್ ಮಾಡುತ್ತಿದ್ದಳೋ ಹಾಗೇ ಕೂತು ನೋಡುತ್ತಿದ್ದಳು.

ಸದ್ದಿಲ್ಲದ ಟೇಪು ಹಾಕಿದ ದಿನ ನೀನು ಟೀವಿಗೆ ಹೊಡೆದೆ, ಅದರ ಹಿಂದೆ ಹೋಗಿ ಹುಡುಕಿದೆ. ಆಮೇಲೆ ಟೇಪು ಕೇಳುವುದನ್ನೇ ಬಿಟ್ಟೆ. ಆದರೆ ಅವಳ ಹತ್ತಿರ ಹೋಗಿದ್ದನ್ನು ನಾನು ನೋಡಲಿಲ್ಲ. ನಾನು ಮನೆಗೆ ಬಂದಾಗಲೆಲ್ಲ ಅವಳು ಮಂಚದ ಮೇಲೆ, ನೀನು ಬಾಗಿಲ ಹೊರಗೆ. ದೀಪಾವಳಿಗೆ ಮೊದಲು ಹೋದಳು.

ಇದನ್ನು ನಿನಗೆ ಯಾವ ವಯಸ್ಸಿನಲ್ಲಿ ಹೇಳಬೇಕಿತ್ತು? ಹತ್ತು ವರ್ಷದವಳಿಗೆ ಹೇಳುವುದೇ? ಮದುವೆಯ ದಿನ ಹೇಳುವುದೇ?

ಇನ್ನೊಂದು ವಿಷಯ. ಬಸವನಗುಡಿಯ ಶಾಮಣ್ಣ ಎಂಬುವವರ ಮಗಳ ಮದುವೆಯ ಕ್ಯಾಸೆಟ್ಟಿಗೆ ನಾವು ಪೂರ್ತಿ ನಾಗಸ್ವರ ಹಾಕಿ ಕೊಟ್ಟಿದ್ದೆವು. ಇದು ನಿನ್ನ ಅಮ್ಮನ ಕಾಯಿಲೆಗೆ ಮೊದಲು. ಅವರು ಕೆಂಡವಾಗಿ ಬಂದರು. "ಏನ್ರೀ ಸೇತುರಾಮ್, ಅಳಿಯನ ಮನೆ ಮೆಷಿನ್ನಲ್ಲಿ ಹಾಕಿದ್ರೆ ನಾಗಸ್ವರಾನೇ ಇಲ್ಲ, ಬೀಗಿತ್ತಿ ನಮ್ಮನ್ನ ಆಡ್ಕೊಳ್ಳೋದೆಲ್ಲ ಕೇಳಿಸ್ತಿದೆ!" ಅವರು ಹೋದ ಮೇಲೆ ಜಯಾ ಕೂತಲ್ಲೇ ಬಿದ್ದು ಬಿದ್ದು ನಕ್ಕಳು. ಆಮೇಲೆ ನನಗೆ ಪಾಠ ಹೇಳಿದಳು: "ಸದ್ದು ಎರಡು ಕಡೆ ಇರತ್ತೆ ರೀ. ಒಂದು ಟೇಪಿನ ಅಂಚಲ್ಲಿ, ಇನ್ನೊಂದು ಚಿತ್ರದ ಅಡೀಲಿ. ನಾವು ಮೇಲಿಂದ ಹಾಕೋದು ಅಂಚಿಗೆ ಮಾತ್ರ ಹೋಗತ್ತೆ. ಅಡೀಲಿರೋದು ಹೋಗಬೇಕಾದ್ರೆ ಚಿತ್ರಾನೂ ಹೋಗಬೇಕು."

ಮನೆಯಲ್ಲಿದ್ದ ನಮ್ಮ ವಿಸಿಆರ್ ಸಾಧಾರಣದ್ದು, ಅಂಚನ್ನು ಮಾತ್ರ ಓದುತ್ತಿತ್ತು. ನಿನ್ನ ಗೆಳತಿಯದೂ ಅಂಥದ್ದೇ. ಹೈ-ಫೈ ಎಂದು ಬರೆದಿರುವ ಮೆಷಿನ್ ಹುಡುಕು, ಅದು ಚಿತ್ರದ ಅಡಿಯ ಸದ್ದನ್ನೂ ಓದುತ್ತದೆ. ಈ ಟೇಪುಗಳೆಲ್ಲ ಸ್ಟುಡಿಯೋದ ಹೈ-ಫೈ ಮೆಷಿನ್ನಿನಲ್ಲಿ ಕಾಪಿಯಾದವು.

ನಿನ್ನ ಅಮ್ಮ ಅಳಿಸಿದ್ದು ಆ ಮನೆಯ ಟೀವಿಗೆ ಮಾತ್ರ. ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಒಂದು ಸಲವೂ ಹಾಕಿ ಕೇಳಲಿಲ್ಲ. ಮೊದಲು ಧೈರ್ಯವಿರಲಿಲ್ಲ, ಈಗ ಕಿವಿ ಇಲ್ಲ.

ಅಪ್ಪ


ಕುಮಾರಸ್ವಾಮಿ ಲೇಔಟ್
6 ಅಕ್ಟೋಬರ್ 2024

ಅಪ್ಪ,

ನಿಮ್ಮ ಕಾಗದ ಓದಿದ ಮೇಲೆ ಬಹಳ ದಿನ ಟೇಪುಗಳನ್ನು ಮುಟ್ಟಲಿಲ್ಲ. ಕನ್ನಡಿ ನೋಡಿಕೊಳ್ಳುವುದೂ ಕಷ್ಟವಾಗುತ್ತಿತ್ತು. ಚಿತ್ರದಲ್ಲಿರುವ ಆ ಮಗುವಿನ ಮೇಲೆ ಸಿಟ್ಟು ಬರುತ್ತಿತ್ತು. ಆಶ್ರಿತ್ ಒಮ್ಮೆ, "ಅದು ಮಗು ಕಣೇ. ಅದಕ್ಕೆ ಅಮ್ಮ ಅಂದ್ರೆ ಆ ದನೀನೇ" ಅಂದ. ತಿಳಿಯಿತು. ತಿಳಿದರೂ ಎದೆಯೊಳಗೆ ಇಳಿಯಲಿಲ್ಲ.

ಮೆಷಿನ್ ಹುಡುಕಿದ್ದು ಅವನೇ. ಅವನ ಆಫೀಸಿನ ಸಿದ್ದಾರೂಢ ಹುಬ್ಬಳ್ಳಿಯವನು, ಬಿಟಿಎಮ್‌ನಲ್ಲಿ ಬಾಡಿಗೆಗಿದ್ದಾನೆ. "ನಮ್ಮ ಮಾವಾರ ಮನ್ಯಾಗ ದೊಡ್ಡ ಮಷಿನ್ ಐತ್ರೀ ಅಕ್ಕಾರ, ಹಬ್ಬಕ್ಕ ಹೋದಾಗ ತರ್ತೀನಿ" ಅಂದವನು ಗೌರಿ ಹಬ್ಬ ಮುಗಿಸಿ ಬರುವಾಗ ರೈಲಿನಲ್ಲಿ ಹೊದಿಕೆ ಸುತ್ತಿಕೊಂಡು ತಂದ.

ಲಾಲ್‌ಬಾಗ್ ಟೇಪು ಹಾಕಿದೆ. ಮತ್ತೆ ಮೌನ. ಅಯ್ಯೋ ಅನಿಸಿತು. ಆಮೇಲೆ ಮುಂಭಾಗದಲ್ಲಿ ಒಂದು ಸ್ವಿಚ್ಚು ಕಂಡಿತು, 'ನಾರ್ಮಲ್' ಎಂದಿತ್ತು. ಅದನ್ನು 'ಹೈ-ಫೈ'ಗೆ ತಿರುಗಿಸಿದೆ. ಗರ್ ಎಂದು ಜೇನುಹುಳ ಎದ್ದ ಹಾಗೆ ಸದ್ದು. ಟೇಪನ್ನು ಹೆಡ್ಡಿಗೆ ಸರಿಹೊಂದಿಸುವ ಟ್ರ್ಯಾಕಿಂಗ್ ಗುಂಡಿಯನ್ನು ನಿಧಾನಕ್ಕೆ ಒತ್ತುತ್ತಾ ಹೋದೆ. ಗರ್ ಅನ್ನುವುದು ತೆಳುವಾಯಿತು, ನಿಂತಿತು. ಅದರೊಳಗಿಂದ ಅವಳು ಬಂದಳು.

ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ.

"ಪುಟ್ಟೀ, ಈ ಕಡೆ ನೋಡು ಚಿನ್ನ. ಇನ್ನೊಂದು ಚಪ್ಪಲಿ ಎಲ್ಲಿ?"

"ಮೀನು ತಿಂತು."

"ಮೀನು ಚಪ್ಪಲಿ ತಿನ್ನತ್ತಾ?"

"ಅದಕ್ಕೆ ಹಸಿವಾಗಿತ್ತು."

ಆಗ ಚಿತ್ರ ಗಡಗಡ ಅಲ್ಲಾಡುತ್ತದೆ. ಕೈ ಜಾರಿತ್ತೇನೋ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಅವಳು ನಗುತ್ತಿದ್ದಳು. ಆಮೇಲೆ, "ರೀ, ಕೆರೆಗೆ ಇಳೀರಿ, ಚಪ್ಪಲಿ ಹೋಯ್ತು" ಎನ್ನುತ್ತಾಳೆ. ದೂರದಿಂದ ಒಬ್ಬ ಹುಡುಗನ ದನಿ, "ಕ್ಯಾಮೆರಾ ನನಗೆ ಕೊಟ್ಟು ನೀನೇ ಇಳಿ!" ಅದು ನೀವು ಅಪ್ಪ. ಗುರುತೇ ಸಿಗಲಿಲ್ಲ.

ಎಲ್ಲ ಟೇಪೂ ಮುಗಿಸಿದೆ. ಚೀಲದ ತಳದಲ್ಲಿ ಒಂದು ಉಳಿದಿತ್ತು. ಹೆಸರು ಬರೆದಿಲ್ಲ, ಬೂಷ್ಟು ಹಿಡಿದಿತ್ತು. ಮೆಷಿನ್ ಕೆಡುತ್ತದೆಂದು ಬದಿಗಿಟ್ಟಿದ್ದೆ. ಜಯನಗರದಲ್ಲಿ ಶಿವರಾಜ್ ಎನ್ನುವವರು ಟೇಪು ತೊಳೆದು ಕೊಡುತ್ತಾರೆ, ಅವರ ಹತ್ತಿರ ಸ್ವಚ್ಛ ಮಾಡಿಸಿ ತಂದು ಹಾಕಿದೆ.

ಇದನ್ನು ಯಾರೂ ಡಬ್ ಮಾಡಿಲ್ಲ. ಅಂಚಿನಲ್ಲೂ ಅಡಿಯಲ್ಲೂ ಒಂದೇ ಸದ್ದು. ಮಾತಿಲ್ಲ. ಒಂದು ಉಸಿರು, ಮೈಕಿನ ತೀರ ಹತ್ತಿರ. ಸುಯ್ ಎಂದು ಹೋಗುತ್ತದೆ, ಸ್ವಲ್ಪ ಕರಕರ ಎನ್ನುತ್ತದೆ, ಬರುತ್ತದೆ. ಟೇಪಿನ ದೋಷ ಎಂದುಕೊಂಡೆ. ಆಮೇಲೆ ನಿಮ್ಮ ಕಾಗದ ನೆನಪಾಯಿತು. ಆಪರೇಷನ್ ಆದ ಮೇಲೆ ತೆಗೆದದ್ದು ಅಪ್ಪ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿದೆ, ಚಿತ್ರ ಒಂದಿಷ್ಟೂ ಅಲುಗುವುದಿಲ್ಲ. ಜಯನಗರದ ನಮ್ಮ ಹಳೆಯ ಮನೆಯ ಕೋಣೆ, ಕಿಟಕಿಯಿಂದ ಬಿಸಿಲು. ನಾನು ಬಾಗಿಲ ಹೊರಗೆ ನಿಂತಿದ್ದೇನೆ, ನೀವು ಬರೆದ ಹಾಗೆಯೇ.

ಬಹಳ ಹೊತ್ತು ಅಷ್ಟೇ. ನಾನು ನಿಂತಿರುತ್ತೇನೆ, ಅವಳು ಉಸಿರಾಡುತ್ತಿರುತ್ತಾಳೆ.

ನನ್ನ ಕೈಯಲ್ಲಿ ಒಂದು ಕಾಗದದ ಗಿರಗಿಟ್ಲೆ ಇದೆ, ಕಡ್ಡಿಗೆ ಚುಚ್ಚಿದ್ದು. ನಾನೇ ಊದುತ್ತೇನೆ, ಅದು ತಿರುಗುವುದಿಲ್ಲ. ಮತ್ತೆ ಊದುತ್ತೇನೆ. ಆಮೇಲೆ ಒಳಗೆ ಬರುತ್ತೇನೆ. ಒಂದು ಹೆಜ್ಜೆ ಇಟ್ಟು ನಿಲ್ಲುತ್ತೇನೆ, ಮತ್ತೊಂದು ಇಡುತ್ತೇನೆ. ಕ್ಯಾಮೆರಾದ ಪಕ್ಕಕ್ಕೇ ಬರುತ್ತೇನೆ, ನನ್ನ ಮುಖದ ಅರ್ಧ ಮಾತ್ರ ಕಾಣುತ್ತದೆ. ಮೇಲೆ ನೋಡುತ್ತಾ ಕೈ ಎತ್ತಿ ಗಿರಗಿಟ್ಲೆಯನ್ನು ಹಿಡಿಯುತ್ತೇನೆ. ಎಲ್ಲಿ ಹಿಡಿದಿದ್ದೇನೆಂದು ಕಾಣುವುದಿಲ್ಲ, ಅದರ ಒಂದು ಅಂಚು ಮಾತ್ರ ಚಿತ್ರದ ಮೂಲೆಯಲ್ಲಿದೆ.

ಉಸಿರು ಕೇಳಿಸುತ್ತದೆ. ಗಿರಗಿಟ್ಲೆ ತಿರುಗುತ್ತದೆ.

ಬಾಯಿಂದ ಊದಿದ್ದಲ್ಲ ಅಪ್ಪ. ಅವಳ ಕತ್ತಿನಿಂದ ಬಂದ ಗಾಳಿ. ನಾನು ಅದನ್ನು ಅವಳ ಕತ್ತಿಗೇ ಹಿಡಿದಿದ್ದೆ. "ಇನ್ನೊಂದ್ಸಲ" ಎನ್ನುತ್ತೇನೆ. ಉಸಿರು ಜೋರಾಗುತ್ತದೆ, ಅದೂ ಜೋರಾಗಿ ತಿರುಗುತ್ತದೆ. ನಾನು ನಗುತ್ತೇನೆ. "ಇನ್ನೊಂದ್ಸಲ ಅಮ್ಮ."

ಅಮ್ಮ ಎಂದೆ. ಎರಡು ಕಡೆಯೂ ಕೇಳಿಸುತ್ತದೆ, ಯಾವ ಮೆಷಿನ್ನಿನಲ್ಲಿ ಬೇಕಾದರೂ ಹಾಕಿ.

ಆಮೇಲೆ ನಾನು ಕೇಳಿಸುತ್ತೇನೆ, ಕಾಣಿಸುವುದಿಲ್ಲ. ಅವಳ ತೊಡೆಯ ಮೇಲೆ ಹತ್ತಿ ಕೂತಿರಬೇಕು. ಖಾಲಿ ಬಾಗಿಲು, ಬಿಸಿಲು, ಇಬ್ಬರ ಉಸಿರು. ಟೇಪು ಮುಗಿಯುವತನಕ ಅದೇ.

ಆ ಹೊತ್ತಿನಲ್ಲಿ ನೀವು ಸ್ಟುಡಿಯೋದಲ್ಲಿದ್ದಿರಿ. ನಿಮಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಹೇಳಲು ಬಾಯಿರಲಿಲ್ಲ, ನನಗೆ ಹೇಳಲು ಬುದ್ಧಿಯಿರಲಿಲ್ಲ.

ಭಾನುವಾರ ಬರುತ್ತೇನೆ, ಲ್ಯಾಪ್‌ಟಾಪು ತರುತ್ತೇನೆ. ಈ ಟೇಪು ನೋಡಲು ಕಿವಿ ಬೇಕಾಗಿಲ್ಲ. ಗಿಡಗಳಿಗೆ ಅವತ್ತು ಅತ್ತೆ ನೀರು ಹಾಕಲಿ.

ನಿಮ್ಮ
ಪುಟ್ಟಿ


ಅಂಜನಾಪುರ
15 ಅಕ್ಟೋಬರ್ 2024

ಪುಟ್ಟಿ,

ನೀನು ಹೊರಟ ಮೇಲೆ ಆಶ್ರಿತ್ ಹೇಳಿಕೊಟ್ಟ ಹಾಗೆ ನಾನೇ ಇನ್ನೊಂದು ಸಲ ಹಾಕಿಕೊಂಡು ನೋಡಿದೆ. ಅಲಮೇಲು ಊಟಕ್ಕೆ ಕರೆದಳಂತೆ. ಬಂದು ನೋಡಿ, ತಟ್ಟೆಯನ್ನು ಪಕ್ಕದಲ್ಲಿಟ್ಟು, ತಾನೂ ಕೂತಳು.

ಆ ಗಿರಗಿಟ್ಲೆಯ ಕಾಗದ ನಮ್ಮ ಸ್ಟುಡಿಯೋದ ಕವರಿನದು. ಹಳದಿ. ಅವಳೇ ಮಾಡಿ ಬಾಗಿಲಲ್ಲಿಟ್ಟಿರಬೇಕು, ನೀನು ತೆಗೆದುಕೊಂಡು ಬರಲಿ ಎಂದು. ಶಾಟ್ ಮೊದಲೇ ಯೋಚಿಸಿ ಸ್ಟ್ಯಾಂಡ್ ಹಾಕುತ್ತಿದ್ದವಳು ಅವಳು.

ಉಳಿದ ಟೇಪುಗಳಲ್ಲಿ ಅವಳು ಏನೇನು ಅನ್ನುತ್ತಾಳೆ, ನನ್ನನ್ನು ಎಷ್ಟು ಬೈಯುತ್ತಾಳೆ, ಒಂದೊಂದನ್ನೇ ಕೇಳಿ ಬರೆದು ಕಳಿಸು. ಅವಸರ ಬೇಡ. ಮಾತು ಮಾತ್ರ ಬರೆ, ದನಿ ಹೇಗಿದೆ ಎಂದು ಬರೆಯಬೇಕಾಗಿಲ್ಲ. ಓದುವಾಗ ಅದು ನನಗೆ ಕೇಳಿಸುತ್ತದೆ.

ಅಪ್ಪ